ಸಿಕ್ಕ ಸಾಲಿನ ಹಿಂದೆ ಯಾರಿದ್ದಾರೆ

ಕಂಪ್ಯೂಟರಿನ ಕಡತಗಳಲ್ಲಿ ಪದ ಹುಡುಕುವ ಗ್ರೆಪ್ ಎಂಬ ಕಮಾಂಡಿಗೆ ‘ಕಾಯಕ’ ಎಂಬ ಪದ ಕೊಟ್ಟು, ವಚನಗಳ ಕಡತಗಳಿರುವ ಫೋಲ್ಡರನ್ನು ತೋರಿಸಿ ಎಂಟರ್ ಒತ್ತಿದರೆ ರೆಪ್ಪೆ ಬಡಿಯುವಷ್ಟರಲ್ಲಿ ಟರ್ಮಿನಲ್ (ಕಮಾಂಡ್ ಬರೆಯುವ ಕಿಟಕಿ) ತುಂಬ ಸಾಲುಗಳು ಇಳಿಯುತ್ತವೆ. ಎಡಕ್ಕೆ ಕಡತದ ಹೆಸರು, ಒಂದು ಕೋಲನ್, ಆಮೇಲೆ ಪದವಿರುವ ಸಾಲು. ಹಾಗೆ ಇಳಿದದ್ದನ್ನು ಅನೇಕರು ಫಲಿತಾಂಶ ಎನ್ನುತ್ತಾರೆ. ನಾನು ಅದನ್ನು ಕಚ್ಚಾ ಸಾಮಗ್ರಿ ಎನ್ನುತ್ತೇನೆ. ಒಬ್ಬ ಮನುಷ್ಯ ಅದನ್ನು ಓದಿ ತೀರ್ಮಾನಕ್ಕೆ ಬರುವಂತೆ ಜೋಡಿಸುವುದು ಬೇರೆಯದೇ ಕೆಲಸ. ಓದುವವರು ಯಾರನ್ನು ನೆನೆಯುತ್ತಾರೆ, ಯಾರನ್ನು ಮರೆಯುತ್ತಾರೆ ಎಂಬುದು ಎಷ್ಟೋ ಸಲ ಆ ಜೋಡಣೆಯಲ್ಲೇ ತೀರ್ಮಾನವಾಗಿಬಿಡುತ್ತದೆ.

ನಾನು ವಿಜಯಪುರದಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಕರಪತ್ರಗಳ ನಡುವೆ ಪುಸ್ತಕಗಳೂ ಬರುತ್ತವೆ. ಪುಸ್ತಕದ ಕೊನೆಗೆ ಪದಸೂಚಿ ಬೇಕು ಎಂದವರಿಗೆ ಅದನ್ನೂ ಮಾಡಿಕೊಡುತ್ತೇನೆ. ನಮ್ಮ ಓಣಿಯ ನಿವೃತ್ತ ಕನ್ನಡ ಮಾಸ್ತರರೊಬ್ಬರು ಶರಣರ ವಚನಗಳಲ್ಲಿ ದುಡಿಮೆಯ ಮಾತು ಎಲ್ಲೆಲ್ಲಿ, ಯಾರ ಬಾಯಲ್ಲಿ ಬರುತ್ತದೆ ಎಂಬುದರ ಬಗ್ಗೆ ಬರೆಯುತ್ತಿದ್ದಾರೆ. ಅವರಿಗೆ ಬೇಕಾದ ಹುಡುಕಾಟದ ಹಾಳೆಗಳನ್ನು ನಾನು ಸಿದ್ಧಪಡಿಸುತ್ತೇನೆ. ಯಾವ ಹಾಳೆಯನ್ನು ಕೈಗೆತ್ತಿಕೊಂಡರೂ ಅವರು ಮೊದಲು ಕೇಳುವ ಪ್ರಶ್ನೆ ಒಂದೇ: ‘ತಂಗಿ, ಇದು ಯಾರ ಮಾತು?’ ಗ್ರೆಪ್ ತಾನಾಗಿ ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಗ್ರೆಪ್ ಹುಟ್ಟಿದ್ದು ಇಂಥದೇ ಪ್ರಶ್ನೆಯಿಂದ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಅಮೆರಿಕದ ಸಂವಿಧಾನವನ್ನು ಸಮರ್ಥಿಸಿ 1787-88ರಲ್ಲಿ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಎಂಬ ಮೂವರು ‘ಪಬ್ಲಿಯಸ್’ ಎಂಬ ಒಂದೇ ಹೆಸರಿನಲ್ಲಿ 85 ಲೇಖನಗಳನ್ನು ಬರೆದರು. ಅವುಗಳಲ್ಲಿ ಯಾವುದು ಯಾರದು ಎಂದು ಪದಬಳಕೆಯಿಂದ ಪತ್ತೆ ಹಚ್ಚುವ ಆಸೆ ಅಮೆರಿಕದ ಸಂಶೋಧನಾ ಕೇಂದ್ರವಾದ ಬೆಲ್ ಲ್ಯಾಬ್ಸ್‌ನ ಲೀ ಮೆಕ್‌ಮಹಾನ್ ಅವರದು. ಆಗಿನ ‘ಎಡ್’ ಎಂಬ ಪಠ್ಯ ಸಂಪಾದಕಕ್ಕೆ ಅಷ್ಟು ದೊಡ್ಡ ಪಠ್ಯವನ್ನು ಒಮ್ಮೆಗೇ ತೆರೆಯುವ ಶಕ್ತಿ ಇರಲಿಲ್ಲ. 1970ರ ದಶಕದ ಆರಂಭದಲ್ಲಿ ಕೆನ್ ಥಾಂಪ್ಸನ್ ಆ ಸಂಪಾದಕದ ಹುಡುಕುವ ಭಾಗವನ್ನಷ್ಟೇ ಬಿಡಿಸಿ ಬೇರೆ ಕಮಾಂಡ್ ಮಾಡಿದರು. ಅದೇ ಗ್ರೆಪ್. ಹೀಗೆ ಲೇಖಕರನ್ನು ಹುಡುಕಲು ಹೊರಟವರೊಬ್ಬರಿಗಾಗಿ ತಯಾರಾದ ಉಪಕರಣ ಸಾಲನ್ನು ಮಾತ್ರ ತೋರಿಸುತ್ತದೆ. ಲೇಖಕರನ್ನು ತೋರಿಸುವ ಹೊಣೆ ನಮ್ಮದಾಗಿ ಉಳಿಯುತ್ತದೆ.

ಆ ಸಾಲು ಎಂಬುದಾದರೂ ಏನು? ಗ್ರೆಪ್‌ಗೆ ಸಾಲೆಂದರೆ ಎರಡು ಎಂಟರ್‌ಗಳ ನಡುವೆ ಇರುವ ಪಠ್ಯ. ವಚನಕ್ಕೆ ಅಂಥ ಸಾಲು ಹುಟ್ಟಿನಿಂದ ಬಂದದ್ದಲ್ಲ. ಓಲೆಗರಿಯಲ್ಲಿ ಲಿಪಿಕಾರರು ಪದಗಳ ನಡುವೆ ಜಾಗ ಬಿಡದೆ ಗರಿಯ ಈ ಅಂಚಿನಿಂದ ಆ ಅಂಚಿನವರೆಗೆ ಬರೆದುಕೊಂಡು ಹೋಗುತ್ತಿದ್ದರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ನಮ್ಮ ಊರಿನಲ್ಲಿ ವಕೀಲಿ ಮಾಡಿದ ಫ. ಗು. ಹಳಕಟ್ಟಿಯವರು ಅಂಥ ಕಟ್ಟುಗಳನ್ನು ಊರೂರು ತಿರುಗಿ ಕೂಡಿಸಿ, ಓದಿ, ನಕಲು ಮಾಡಿ, ಇಲ್ಲಿಯೇ ತಮ್ಮ ಹಿತಚಿಂತಕ ಮುದ್ರಣಾಲಯ ನಡೆಸಿ ಅಚ್ಚಿಗೆ ತಂದರು. ಪದ ಎಲ್ಲಿ ಮುಗಿಯುತ್ತದೆ, ಮಾತು ಎಲ್ಲಿ ತಿರುಗುತ್ತದೆ, ವಚನ ಎಲ್ಲಿ ನಿಲ್ಲುತ್ತದೆ ಎಂದು ಅವರಂಥ ಸಂಪಾದಕರು ಕೂತು ತೀರ್ಮಾನಿಸಿದ್ದರಿಂದಲೇ ಇಂದು ನಮ್ಮ ಕಡತಗಳಲ್ಲಿ ಸಾಲುಗಳಿವೆ. ಮುಂದೆ ಸರ್ಕಾರವೇ ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. ಇಷ್ಟೆಲ್ಲ ಪರಿಶ್ರಮದಿಂದ ಬಂದ ಪಠ್ಯದಲ್ಲಿ ಪುಟದ ಅಗಲಕ್ಕೆ ತಕ್ಕಂತೆ ಮುರಿದ ಒಂದು ಸಾಲನ್ನು ಕಿತ್ತು ‘ಇದೇ ಪುರಾವೆ’ ಎಂದು ಮುಂದಿಡುವುದು ನನಗೆ ಸರಿ ಕಾಣುವುದಿಲ್ಲ.

ಸುತ್ತಲಿನ ಸಾಲುಗಳನ್ನು ತೋರಿಸುವ ಸೌಲಭ್ಯ ಗ್ರೆಪ್‌ನಲ್ಲಿ ಇದೆ. ದೊಡ್ಡ ‘ಎ’ ಕೊಟ್ಟರೆ ನಂತರದ ಸಾಲುಗಳು, ದೊಡ್ಡ ‘ಬಿ’ ಕೊಟ್ಟರೆ ಹಿಂದಿನವು, ದೊಡ್ಡ ‘ಸಿ’ ಕೊಟ್ಟರೆ ಎರಡೂ ಕಡೆಯವು. ಜೊತೆಗೆ ಸಣ್ಣ ‘ಎನ್’ ಕೊಟ್ಟರೆ ಸಾಲಿನ ಸಂಖ್ಯೆಯೂ ಬರುತ್ತದೆ. ಆಗ ಒಂದು ಸೂಕ್ಷ್ಮವನ್ನು ಗಮನಿಸಬೇಕು: ಪದ ಸಿಕ್ಕ ಸಾಲಿನ ಸಂಖ್ಯೆಯ ಮುಂದೆ ಕೋಲನ್ ಇರುತ್ತದೆ, ಬರೀ ಸಂದರ್ಭಕ್ಕೆಂದು ಬಂದ ಸಾಲಿನ ಸಂಖ್ಯೆಯ ಮುಂದೆ ಅಡ್ಡಗೆರೆ ಇರುತ್ತದೆ. ಒಂದು ಗುಂಪು ಮುಗಿದು ಇನ್ನೊಂದು ಶುರುವಾಗುವಲ್ಲಿ ಎರಡು ಅಡ್ಡಗೆರೆಗಳ ಪುಟ್ಟ ಸಾಲು. ಯಾರೂ ಬಾಯಿಬಿಟ್ಟು ಹೇಳಿಕೊಡದ, ಆದರೆ ಬಹಳ ಯೋಚಿಸಿ ಮಾಡಿದ ವ್ಯವಸ್ಥೆ ಇದು. ಆದರೂ ವಚನಕ್ಕೆ ಸಾಲದು. ಮೂರು ಸಾಲಿನ ವಚನವೂ ಇದೆ, ಪುಟ ತುಂಬುವ ವಚನವೂ ಇದೆ. ಎಷ್ಟು ಸಾಲು ಕೇಳಿದರೂ ಒಂದು ಕಡೆ ಪಕ್ಕದ ವಚನದ ತಲೆ ಬರುತ್ತದೆ, ಇನ್ನೊಂದು ಕಡೆ ಇದೇ ವಚನದ ಕಾಲು ಕತ್ತರಿಸಿ ಹೋಗುತ್ತದೆ.

ಇಲ್ಲಿ ಕೈಹಿಡಿಯುವುದು ಆಕ್. ಅಹೊ, ವೈನ್‌ಬರ್ಗರ್, ಕರ್ನಿಗನ್ ಎಂಬ ಮೂವರು 1977ರಲ್ಲಿ ಬರೆದ ಪುಟ್ಟ ಭಾಷೆ. ಅವರ ಹೆಸರುಗಳ ಮೊದಲಕ್ಷರಗಳೇ ಅದರ ಹೆಸರು. ದಾಖಲೆಗಳನ್ನು ಬೇರ್ಪಡಿಸುವ ಗುರುತು ಯಾವುದು ಎಂದು ಆಕ್ ಕೇಳುತ್ತದೆ. ಅಲ್ಲಿ ಖಾಲಿ ಉದ್ಧರಣ ಚಿಹ್ನೆ ಕೊಟ್ಟರೆ, ಖಾಲಿ ಸಾಲಿನಿಂದ ಖಾಲಿ ಸಾಲಿನವರೆಗಿನ ಇಡೀ ಭಾಗವನ್ನು ಅದು ಒಂದು ದಾಖಲೆ ಎಂದು ಹಿಡಿಯುತ್ತದೆ. ವಚನಗಳ ನಡುವೆ ಒಂದೊಂದು ಖಾಲಿ ಸಾಲು ಬಿಟ್ಟು ಕಡತ ಸಿದ್ಧಪಡಿಸಿದ್ದರೆ, ಪದ ಎಲ್ಲಿ ಸಿಕ್ಕರೂ ಇಡೀ ವಚನ ಕೈಗೆ ಬರುತ್ತದೆ. ಈ ವಿಧಾನದ ಇನ್ನೊಂದು ಗುಣ ನನಗೆ ಮೆಚ್ಚುಗೆ. ಹೀಗೆ ಓದುವಾಗ ಆಕ್ ಎಂಟರ್ ಗುರುತನ್ನೂ ಪದಗಳ ನಡುವಿನ ಜಾಗದಂತೆಯೇ ಕಾಣುತ್ತದೆ. ಅಚ್ಚಿನ ಸಾಲುಗಳು ಕರಗಿ ಮೊದಲ ಪದದಿಂದ ಕೊನೆಯ ಪದದವರೆಗೆ ವಚನ ಒಂದೇ ಹರಿವಾಗುತ್ತದೆ. ಓಲೆಗರಿಯ ಬರವಣಿಗೆಗೆ ಇದು ಪುಸ್ತಕದ ಪುಟಕ್ಕಿಂತ ಹತ್ತಿರ.

ಇನ್ನು ‘ಕಾಯಕ’ಕ್ಕೆ ಬರುತ್ತೇನೆ. ಈ ಪದ ಹುಡುಕಿದರೆ ‘ಕಾಯಕ್ಕೆ’ ಕೂಡ ಸಿಗುತ್ತದೆ, ‘ಕಾಯಕ್ಲೇಶ’ವೂ ಸಿಗುತ್ತದೆ. ದುಡಿಮೆಯನ್ನು ಹುಡುಕಿದವರ ಮುಂದೆ ದೇಹದ ಮಾತು ಬಂದು ನಿಲ್ಲುತ್ತದೆ. ಕಾರಣ ಯೂನಿಕೋಡಿನಲ್ಲಿದೆ, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಸಂಕೇತಗಳಾಗಿ ಇಡುವ ಪದ್ಧತಿಯಲ್ಲಿ. ‘ಕ್ಕೆ’ ನಮ್ಮ ಕಣ್ಣಿಗೆ ಒಂದು ಅಕ್ಷರ. ಕಡತದಲ್ಲಿ ಅದು ಕ, ಹಲಂತ (ಸ್ವರವಿಲ್ಲ ಎಂದು ತೋರಿಸುವ ಗುರುತು), ಕ, ಎತ್ವ ಎಂಬ ನಾಲ್ಕು ಸಂಕೇತಗಳ ಸಾಲು. ‘ಕಾಯಕ್ಕೆ’ ಎಂಬುದರ ಮೊದಲ ನಾಲ್ಕು ಸಂಕೇತಗಳು ‘ಕಾಯಕ’ ಎಂಬುದರ ನಾಲ್ಕು ಸಂಕೇತಗಳೇ. ಯಂತ್ರ ಹೊಂದಾಣಿಕೆ ಆಯಿತು ಎನ್ನುತ್ತದೆ, ಮತ್ತು ಅದರ ಲೆಕ್ಕದಲ್ಲಿ ಅದು ಸರಿ.

ಇಂಥ ಕಡೆ ಬಣ್ಣ ನೆರವಿಗೆ ಬರುತ್ತದೆ. ಗ್ರೆಪ್‌ಗೆ ಬಣ್ಣದ ಆಯ್ಕೆ ಕೊಟ್ಟರೆ ಹೊಂದಿದ ಭಾಗ ದಪ್ಪ ಕೆಂಪಿನಲ್ಲಿ ಕಾಣುತ್ತದೆ. ‘ಕಾಯಕವು’ ಎಂಬಲ್ಲಿ ಕೆಂಪು ಅಕ್ಷರದ ಅಂಚಿಗೆ ಸರಿಯಾಗಿ ನಿಲ್ಲುತ್ತದೆ. ‘ಕಾಯಕ್ಕೆ’ ಎಂಬಲ್ಲಿ ಕೆಂಪು ಒತ್ತಕ್ಷರದ ಹೊಟ್ಟೆಯೊಳಗೇ ಮುಗಿಯಬೇಕಾಗುತ್ತದೆ, ಆಗ ಕೆಲವು ಟರ್ಮಿನಲ್‌ಗಳಲ್ಲಿ ಒತ್ತು ಬೇರ್ಪಟ್ಟು ಅಕ್ಷರ ಮುರಿದು ಕಾಣುತ್ತದೆ. ತೆರೆ ಕೆಟ್ಟಿದೆ ಎಂದುಕೊಂಡು ಜನ ಅದನ್ನು ದಾಟಿ ಹೋಗುತ್ತಾರೆ. ನಾನು ಅದನ್ನು ಹುಡುಕಾಟದ ಅತ್ಯಂತ ಪ್ರಾಮಾಣಿಕ ಸೂಚನೆ ಎಂದು ನೋಡುತ್ತೇನೆ: ಅಕ್ಷರ ಒಡೆದಲ್ಲಿ ಪದವೂ ತಪ್ಪಾಗಿ ಸಿಕ್ಕಿದೆ. ಪದದ ಮುಂದೆ ಹಲಂತ ಬರಕೂಡದು ಎಂದು ಹುಡುಕುವ ವಿನ್ಯಾಸಕ್ಕೆ (ಪ್ಯಾಟರ್ನ್‌ಗೆ) ಸೇರಿಸಿದರೆ ಇವು ಹೊರಗುಳಿಯುತ್ತವೆ. ‘ಕಾಯಕರ್ಮ’ ಆಗಲೂ ಉಳಿಯುತ್ತದೆ. ಅದನ್ನು ಬಿಡಿಸಲು ಕನ್ನಡ ಬಲ್ಲ ಕಣ್ಣೇ ಬೇಕು.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ ಹೇಳಿ ಮುಂದೆ ಹೋಗುತ್ತೇನೆ. ಬಣ್ಣವನ್ನು ‘ಆಟೊ’ ಎಂದು ಇಟ್ಟರೆ ಟರ್ಮಿನಲ್ ಮೇಲೆ ಮಾತ್ರ ಬರುತ್ತದೆ. ಫಲಿತಾಂಶ ಪೈಪ್ ಮೂಲಕ ಇನ್ನೊಂದು ಕಮಾಂಡಿಗೆ ಹೋದರೆ ತಾನಾಗಿ ಇಲ್ಲವಾಗುತ್ತದೆ. ‘ಆಲ್ವೇಸ್’ ಎಂದು ಇಟ್ಟರೆ ಬಣ್ಣದ ಗುಪ್ತ ಸಂಕೇತಗಳು ಪಠ್ಯದೊಳಗೇ ಸೇರಿ, ಮುಂದಿನ ಕಮಾಂಡ್‌ಗಳು ಅವನ್ನೂ ವಚನದ ಭಾಗವೆಂದೇ ತಿಳಿಯುತ್ತವೆ. ನೋಡುವುದಕ್ಕೆ ಮಾತ್ರ ಬಣ್ಣ, ಉಳಿಸಿಡುವ ಕಡತಕ್ಕೆ ಬೇಡ.

ಈಗ ಮಾಸ್ತರರ ಪ್ರಶ್ನೆ. ವಚನದಲ್ಲಿ ಹೇಳಿದವರ ಗುರುತು ಅಂಕಿತ, ಅದು ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲೆಯದು. ಅವರ ಅಂಕಿತದಲ್ಲಿರುವ ಸಂಗಮ ಪಕ್ಕದ ಬಾಗಲಕೋಟೆ ಜಿಲ್ಲೆಯಲ್ಲಿ, ಕೃಷ್ಣೆ ಮತ್ತು ಮಲಪ್ರಭೆ ಕೂಡುವ ಜಾಗ. ‘ಕೂಡಲಸಂಗ’ ಎಂದು ಹುಡುಕಿದರೆ ಸಂಗಮದೇವ, ಸಂಗಯ್ಯ ಎರಡೂ ರೂಪಗಳು ಸಿಗುತ್ತವೆ. ಚೆನ್ನಬಸವಣ್ಣನವರ ‘ಕೂಡಲಚೆನ್ನಸಂಗಮದೇವ’ ಅದರಲ್ಲಿ ಸಿಗುವುದಿಲ್ಲ, ಅದು ಒಳ್ಳೆಯದೇ. ಆದರೆ ‘ಮಲ್ಲಿಕಾರ್ಜುನ’ ಎಂದು ಹುಡುಕಿದರೆ ಅಕ್ಕನ ‘ಚೆನ್ನಮಲ್ಲಿಕಾರ್ಜುನ’ನೂ ಸಿದ್ಧರಾಮನ ‘ಕಪಿಲಸಿದ್ಧಮಲ್ಲಿಕಾರ್ಜುನ’ನೂ ಒಂದೇ ರಾಶಿಗೆ ಬೀಳುತ್ತಾರೆ.

ಇವಕ್ಕಿಂತ ಗಂಭೀರವಾದದ್ದು ಆಯ್ದಕ್ಕಿ ದಂಪತಿಯ ಪ್ರಸಂಗ. ಮಾರಯ್ಯನ ಅಂಕಿತ ‘ಅಮರೇಶ್ವರಲಿಂಗ’. ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಮರಳಿ ಸುರಿದು ಬರುವಂತೆ ಹೇಳಿದವಳು ಲಕ್ಕಮ್ಮ ಎಂಬ ಕಥೆ ನಮ್ಮ ಭಾಗದ ಮಕ್ಕಳಿಗೂ ಗೊತ್ತು. ದುಡಿಮೆಯ ಬಗ್ಗೆ ಬರೆಯುವವರು ಅವಳನ್ನು ಬಿಟ್ಟು ಬರೆಯಲಾಗದು. ಗ್ರೆಪ್‌ನಲ್ಲಿ ಹೊಂದಿದ ಭಾಗವನ್ನಷ್ಟೇ ಮುದ್ರಿಸುವ ಸಣ್ಣ ‘ಓ’ ಆಯ್ಕೆ ಇದೆ. ಅದನ್ನು ಬಳಸಿ ‘ಅಮರೇಶ್ವರಲಿಂಗ’ ಎಂದು ಹುಡುಕಿ, ಸಾರ್ಟ್ ಮಾಡಿ, ಯುನಿಕ್ ಕಮಾಂಡಿನಿಂದ ಎಣಿಸಿದರೆ ಅಚ್ಚುಕಟ್ಟಾದ ಒಂದು ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ಲಕ್ಕಮ್ಮನಿಲ್ಲ. ಅವಳ ವಚನಗಳೆಲ್ಲ ಮಾರಯ್ಯನ ಲೆಕ್ಕಕ್ಕೆ ಸೇರಿರುತ್ತವೆ. ಯಾರೂ ಸುಳ್ಳು ಹೇಳಿಲ್ಲ, ಪಠ್ಯದಲ್ಲಿ ಒಂದಕ್ಷರ ತಿದ್ದಿಲ್ಲ. ಫಲಿತಾಂಶವನ್ನು ಎಲ್ಲಿ ಕತ್ತರಿಸಿದೆವು ಎಂಬ ಒಂದೇ ಕಾರಣಕ್ಕೆ ಒಬ್ಬ ಹೆಣ್ಣುಮಗಳು ತನ್ನ ಮಾತಿನಿಂದ ಹೊರಬಿದ್ದಳು. ಹುಡುಕಾಟದ ಫಲಿತಾಂಶವನ್ನು ಹೇಗೆ ಇಡುತ್ತೇವೆ ಎಂಬುದು ಬರೀ ಅಂದದ ಪ್ರಶ್ನೆ ಎನ್ನುವವರಿಗೆ ನಾನು ಈ ಉದಾಹರಣೆಯನ್ನೇ ತೋರಿಸುತ್ತೇನೆ.

ಆದ್ದರಿಂದ ನನ್ನ ಹಾಳೆಗಳಲ್ಲಿ ಹೊಂದಿದ ಅಂಕಿತವನ್ನು ಮಾತ್ರ ಮುದ್ರಿಸುವುದಿಲ್ಲ. ಪ್ರತಿ ದಾಖಲೆಯ ಕೊನೆಯ ನಾಲ್ಕು ಪದಗಳನ್ನು ಆಕ್‌ನಿಂದ ತೆಗೆದು ಹಾಗೆ ಹಾಗೆಯೇ ಇಡುತ್ತೇನೆ. ಅಂಕಿತ ನಡುವಿನಲ್ಲಿ ಬಂದ ವಚನಗಳಲ್ಲಿ ಆ ಜಾಗದಲ್ಲಿ ಅಂಕಿತವಿಲ್ಲದ ಮಾತು ಕಾಣುತ್ತದೆ. ಕಾಣಲಿ. ಅಂಥ ವಚನವನ್ನು ತೆರೆದು ನೋಡಬೇಕೆಂದು ಮಾಸ್ತರರಿಗೆ ಅಲ್ಲಿಯೇ ತಿಳಿಯುತ್ತದೆ.

ಪದವನ್ನು ಅದರ ಸಂದರ್ಭದೊಂದಿಗೆ ಒಂದೇ ಸಾಲಿನಲ್ಲಿ ತೋರಿಸುವುದು ಹಳೆಯ ವಿದ್ಯೆ. ಐಬಿಎಂನ ಹಾನ್ಸ್ ಪೀಟರ್ ಲೂನ್ ಅದನ್ನು 1950ರ ದಶಕದ ಕೊನೆಯಲ್ಲಿ ಯಂತ್ರಕ್ಕೆ ಕಲಿಸಿದರು. ಹುಡುಕಿದ ಪದ ನಡುವಿನ ಕಂಬದಂತೆ ನಿಲ್ಲುತ್ತದೆ, ಎಡಕ್ಕೆ ಮುಂಚಿನ ಮಾತು, ಬಲಕ್ಕೆ ನಂತರದ ಮಾತು. ಇಂಗ್ಲಿಷಿನಲ್ಲಿ ಇದು ಸಲೀಸು: ಎರಡೂ ಕಡೆ ಇಷ್ಟಿಷ್ಟು ಅಕ್ಷರ ಎಂದು ಎಣಿಸಿ ಕತ್ತರಿಸಿದರಾಯಿತು. ಕನ್ನಡದಲ್ಲಿ ಅಕ್ಷರ ಎಂದರೆ ಯಾವುದು ಎಂದು ಯಂತ್ರಕ್ಕೂ ನಮಗೂ ಒಮ್ಮತವಿಲ್ಲ. ‘ಸ್ತ್ರೀ’ ನಮಗೆ ಒಂದಕ್ಷರ. ಯೂನಿಕೋಡಿಗೆ 6 ಸಂಕೇತಗಳು. ಸಂಕೇತಗಳನ್ನು ಉಳಿಸಿಡುವ ಯುಟಿಎಫ್-8 ಎಂಬ ಪದ್ಧತಿಯ ಕಡತದಲ್ಲಿ 18 ಬೈಟ್‌ಗಳು. ಇಪ್ಪತ್ತು ಸಂಕೇತ ಎಂದು ಎಣಿಸಿ ಕತ್ತರಿಸಿದರೆ ಸಾಲಿನ ಆರಂಭದಲ್ಲಿ ತಾಯಿಯಿಲ್ಲದ ಗುಣಿತ ಚಿಹ್ನೆಯೊಂದು ಚುಕ್ಕಿಗಳ ವೃತ್ತದ ಮೇಲೆ ಕುಳಿತು ಕಾಣಿಸಿಕೊಳ್ಳುತ್ತದೆ. ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಶೈಲಿಯ ವಿನ್ಯಾಸಗಳಲ್ಲಿ ಹಿಂಗೆರೆಯ (\) ಮುಂದೆ ದೊಡ್ಡ ‘ಎಕ್ಸ್’ ಬರೆದರೆ ಗುಣಿತ ಸಮೇತ ಎಣಿಸುತ್ತದೆ, ಆದರೆ ಅದೂ ಹಲಂತದ ಬಳಿ ತುಂಡು ಮಾಡುವುದುಂಟು, ಒತ್ತಕ್ಷರ ಉಳಿಯುವ ಖಾತರಿಯಿಲ್ಲ.

ಅಕ್ಷರ ಎಣಿಸುವುದನ್ನೇ ಬಿಟ್ಟು ಪದ ಎಣಿಸಬೇಕು ಎಂಬುದು ನಾನು ತಲುಪಿರುವ ನಿಲುವು. ಹಿಂದೆ ನಾಲ್ಕು ಪದ, ಮುಂದೆ ನಾಲ್ಕು ಪದ. ಪದಗಳ ನಡುವಿನ ಜಾಗದಲ್ಲಿ ಕತ್ತರಿಸಿದರೆ ಯಾವ ಒತ್ತೂ ಮುರಿಯುವುದಿಲ್ಲ. ನಮ್ಮ ಭಾಷೆಯಲ್ಲಿ ವಿಭಕ್ತಿಯೂ ಕ್ರಿಯೆಯೂ ಪದಕ್ಕೇ ಅಂಟಿಕೊಂಡು ಬರುವುದರಿಂದ ನಾಲ್ಕು ಪದಗಳಲ್ಲಿ ಸಾಕಷ್ಟು ಅರ್ಥ ತುಂಬಿರುತ್ತದೆ. ಇದನ್ನು ಗ್ರೆಪ್‌ನ ‘ಓ’ ಆಯ್ಕೆಯಿಂದಲೂ ಮಾಡಬಹುದು ಎಂದು ಕಾಣುತ್ತದೆ, ಅಲ್ಲಿ ಒಂದು ಕುಳಿ ಇದೆ. ಒಮ್ಮೆ ಹೊಂದಿದ ಭಾಗದೊಳಗೆ ಗ್ರೆಪ್ ಮತ್ತೆ ಹುಡುಕುವುದಿಲ್ಲ. ಒಂದೇ ಮಾತಿನಲ್ಲಿ ‘ಕಾಯಕ’ ಎರಡು ಬಾರಿ ಹತ್ತಿರ ಹತ್ತಿರ ಬಂದರೆ ಎರಡನೆಯದು ಮೊದಲನೆಯದರ ಸಂದರ್ಭದಲ್ಲಿ ಮುಳುಗಿ ಎಣಿಕೆಯಿಂದ ತಪ್ಪಿಹೋಗುತ್ತದೆ. ಒತ್ತಿ ಒತ್ತಿ ಹೇಳುವುದು ವಚನದ ಸ್ವಭಾವ, ಆದ್ದರಿಂದ ಹೀಗಾಗುವುದು ಅಪರೂಪವೇನಲ್ಲ. ಆಕ್‌ನಲ್ಲಿ ದಾಖಲೆಯ ಪದಗಳನ್ನು ಒಂದೊಂದಾಗಿ ನೋಡುತ್ತ, ಬೇಕಾದ ಪದ ಬಂದಾಗಲೆಲ್ಲ ಅದರ ಹಿಂದೆ ಮುಂದೆ ನಾಲ್ಕು ಪದ ಮುದ್ರಿಸುವ ಸಣ್ಣ ಸುತ್ತು ಬರೆದರೆ ಒಂದೂ ತಪ್ಪುವುದಿಲ್ಲ. ಅಂದ ಹಾಗೆ ಗ್ರೆಪ್‌ನ ಸಣ್ಣ ‘ಸಿ’ ಎಣಿಸುವುದು ಪದವಿರುವ ಸಾಲುಗಳನ್ನು, ಪದ ಬಂದ ಸಲಗಳನ್ನಲ್ಲ. ಲೇಖನದಲ್ಲಿ ಸಂಖ್ಯೆ ಬಳಸುವವರು ಇದನ್ನು ಮರೆಯಬಾರದು.

ಕಂಬ ನೇರ ನಿಲ್ಲಿಸುವುದು ಇನ್ನೊಂದು ತಲೆನೋವು. ಟರ್ಮಿನಲ್ ಎಂದರೆ ಸಮ ಅಗಲದ ಚೌಕಗಳ ಜಾಲ. ಕನ್ನಡದ ಅಕ್ಷರ ಆ ಚೌಕಕ್ಕೆ ಒಗ್ಗುವುದಿಲ್ಲ. ‘ರ’ಕ್ಕೂ ‘ಘೌ’ಗೂ ಒಂದೇ ಅಗಲ ಕೊಟ್ಟರೆ ಎರಡೂ ವಿಕಾರವಾಗುತ್ತವೆ. ಆಕ್‌ನ ಕೆಲವು ಆವೃತ್ತಿಗಳು ಅಗಲವನ್ನು ಬೈಟ್‌ಗಳಲ್ಲಿ ಅಳೆಯುತ್ತವೆ, ಕೆಲವು ಸಂಕೇತಗಳಲ್ಲಿ. ಕಾಲಮ್ ಎಂಬ ಕಮಾಂಡ್ ಇನ್ನೂ ಸ್ವಲ್ಪ ಜಾಣತನದಿಂದ ಅಳೆದರೂ ಫಾಂಟ್ ಅದರ ಮಾತು ಕೇಳುವುದಿಲ್ಲ. ಹೀಗಾಗಿ ಟರ್ಮಿನಲ್‌ನಲ್ಲಿ ನೋಡುವುದಿದ್ದರೆ ಎಡಕ್ಕೆ ಸಂಪುಟ ಮತ್ತು ವಚನದ ಸಂಖ್ಯೆ, ನಡುವೆ ಟ್ಯಾಬ್, ಬಲಕ್ಕೆ ಕನ್ನಡ ಪಠ್ಯ ಇಷ್ಟು ಸಾಕು. ಅಂಕಿಗಳು ನೇರ ನಿಲ್ಲುತ್ತವೆ, ಪಠ್ಯ ತನ್ನ ಪಾಡಿಗೆ ಹರಿಯುತ್ತದೆ. ನಿಜವಾದ ಕಂಬ ಬೇಕಾದಾಗ ಆಕ್‌ನಿಂದಲೇ ಎಚ್‌ಟಿಎಂಎಲ್ ಕೋಷ್ಟಕ ಬರೆಸುತ್ತೇನೆ: ಎಡ ಕಾಲಮ್ಮಿನ ಪಠ್ಯ ಬಲಕ್ಕೆ ಅಂಟಿದ್ದು, ನಡುವೆ ಪದ, ಬಲ ಕಾಲಮ್ ಎಡಕ್ಕೆ ಅಂಟಿದ್ದು, ಕೊನೆಯ ಕಾಲಮ್ಮಿನಲ್ಲಿ ವಚನದ ಕೊನೆಯ ಆ ನಾಲ್ಕು ಪದಗಳು. ಅಗಲದ ಲೆಕ್ಕವನ್ನು ಬ್ರೌಸರ್ ನೋಡಿಕೊಳ್ಳುತ್ತದೆ, ಒತ್ತಕ್ಷರಗಳೂ ಚೆನ್ನಾಗಿ ಮೂಡುತ್ತವೆ.

ವಿಂಗಡಣೆಯಲ್ಲಿ ಒಂದು ತಂತ್ರ ನನಗೆ ಇಂದಿಗೂ ಸಂತೋಷ ಕೊಡುತ್ತದೆ. ಸಿಕ್ಕ ಪದರೂಪಗಳನ್ನು ರೆವ್ ಕಮಾಂಡಿನಿಂದ ಹಿಂದುಮುಂದಾಗಿ ತಿರುಗಿಸಿ, ಸಾರ್ಟ್ ಮಾಡಿ, ಮತ್ತೆ ರೆವ್‌ನಿಂದ ನೇರ ಮಾಡಬೇಕು. ನಡುವಿನ ಹಂತದಲ್ಲಿ ಕನ್ನಡ ಓದಲಾಗದಷ್ಟು ಚೆದುರುತ್ತದೆ. ಕೊನೆಗೆ ಬರುವ ಪಟ್ಟಿಯಲ್ಲಿ ಒಂದೇ ಪ್ರತ್ಯಯದಿಂದ ಮುಗಿಯುವ ರೂಪಗಳೆಲ್ಲ ಒಟ್ಟಿಗೆ ಕುಳಿತಿರುತ್ತವೆ: ‘ದಲ್ಲಿ’ ಎಂದು ಮುಗಿಯುವವು ಒಂದು ಕಡೆ, ‘ದಿಂದ’ ಎಂದು ಮುಗಿಯುವವು ಇನ್ನೊಂದು ಕಡೆ. ಶರಣರು ದುಡಿಮೆಯ ಒಳಗೆ ನಿಂತು ಮಾತನಾಡುತ್ತಿದ್ದಾರೆಯೇ, ದುಡಿಮೆಯಿಂದ ಪಡೆದದ್ದರ ಬಗ್ಗೆ ಮಾತನಾಡುತ್ತಿದ್ದಾರೆಯೇ ಎಂಬ ಪ್ರಶ್ನೆಗೆ ಮಾಸ್ತರರು ಆ ಪಟ್ಟಿಯನ್ನು ಹಿಡಿದು ಒಂದು ಮಧ್ಯಾಹ್ನವಿಡೀ ಕುಳಿತಿದ್ದರು. ವರ್ಣಮಾಲೆಯ ಕ್ರಮಕ್ಕೆ ಬಂದರೆ, ಸಂಕೇತಗಳ ಕ್ರಮದಲ್ಲಿ ವಿಂಗಡಿಸಿದಾಗ ‘ಳ’ ಕೊನೆಗೆ ಬಾರದೆ ‘ಲ’ದ ಬೆನ್ನಿಗೇ ಬರುತ್ತದೆ. ಪುಸ್ತಕದ ಪದಸೂಚಿಯಲ್ಲಿ ಅದನ್ನು ಸರಿಪಡಿಸಿಕೊಳ್ಳಬೇಕು.

ಹುಡುಕುವ ಮೊದಲೇ ಪಠ್ಯವನ್ನು ಒಂದು ಹದಕ್ಕೆ ತರಬೇಕೆಂಬುದನ್ನೂ ಹೇಳಬೇಕು. ಯೂನಿಕೋಡಿನಲ್ಲಿ ‘ಕೋ’ ಎಂಬುದನ್ನು ಕ ಮತ್ತು ಓತ್ವದ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮುಂತಾದ ಬಿಡಿ ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಗ್ರೆಪ್‌ಗೆ ಬೇರೆ ಬೇರೆ. ಎಲ್ಲವನ್ನೂ ಮೊದಲೇ ಒಂದೇ ರೂಪಕ್ಕೆ ಪರಿವರ್ತಿಸಿಕೊಳ್ಳದಿದ್ದರೆ ಹುಡುಕಾಟ ಸದ್ದಿಲ್ಲದೆ ಅರ್ಧ ವಚನಗಳನ್ನು ಬಿಟ್ಟುಬಿಡಬಹುದು. ಯೂನಿಕೋಡ್ ಬರುವುದಕ್ಕೆ ಮುಂಚಿನ ಫಾಂಟ್‌ಗಳಲ್ಲಿ ಬೆರಳಚ್ಚಾದ ಕಡತಗಳಂತೂ ಪರಿವರ್ತನೆಯಾಗದೆ ಹುಡುಕಾಟಕ್ಕೆ ದಕ್ಕುವುದೇ ಇಲ್ಲ.

ಹಾಳೆಗಳು ಮುದ್ರಣಕ್ಕೆ ಹೋಗುವಾಗ ಪ್ರತಿಯೊಂದರ ತಲೆಯ ಮೇಲೆ ನಾಲ್ಕು ಸಂಗತಿಗಳು ಇರುವಂತೆ ನೋಡಿಕೊಳ್ಳುತ್ತೇನೆ. ಹುಡುಕಿದ ವಿನ್ಯಾಸ ಅಕ್ಷರಶಃ; ಯಾವ ಕಡತಗಳಲ್ಲಿ ಹುಡುಕಿದ್ದು; ಏನನ್ನು ಬೇಕೆಂದೇ ಹೊರಗಿಟ್ಟದ್ದು, ಉದಾಹರಣೆಗೆ ಹಲಂತ ಬಂದವು; ಮತ್ತು ಹೊರಗಿಟ್ಟವುಗಳ ಪಟ್ಟಿ ಯಾವ ಹಾಳೆಯಲ್ಲಿದೆ ಎಂಬುದು. ಈ ಕೊನೆಯದಕ್ಕೆ ಮಾಸ್ತರರು ಮೊದಲು ‘ಬೇಡವಾದದ್ದನ್ನು ಯಾಕೆ ಮುದ್ರಿಸುತ್ತೀ ತಂಗಿ, ಕಾಗದ ದಂಡ’ ಎಂದಿದ್ದರು. ಈಗ ಅವರು ಆ ಹಾಳೆಯನ್ನೂ ಪೆನ್ಸಿಲ್ ಹಿಡಿದು ಓದುತ್ತಾರೆ. ‘ಕಾಯಕ್ಕೆ’ ಎಂದು ನಾನು ಹೊರಗಿಟ್ಟ ಕೆಲವು ವಚನಗಳಲ್ಲಿ ದೇಹದ ಮಾತೂ ದುಡಿಮೆಯ ಮಾತೂ ಒಂದಕ್ಕೊಂದು ಹೆಣೆದುಕೊಂಡಿವೆ ಎಂದು ಅವುಗಳನ್ನು ಗುರುತು ಹಾಕಿ ಮರಳಿ ಕಳುಹಿಸಿದ್ದಾರೆ. ಆ ವಚನಗಳಿಗೆ ಕೋಷ್ಟಕದಲ್ಲಿ ಬೇರೆಯೇ ಒಂದು ಕಾಲಮ್ ಬೇಕಾಗಿದೆ. ಆಕ್‌ನ ಕಡತ ತೆರೆದು ಅದನ್ನೇ ಸೇರಿಸುತ್ತಿದ್ದೇನೆ.